ಚುಕ್ಕಿಗಳು ಅಕ್ಕಪಕ್ಕ ಬಂದ ಕಡೆ ವೇಗ ಯಾಕೆ ಸಮ ಅಲ್ಲ?

ನಿಮ್ಮ ಚಿತ್ರದಲ್ಲಿ ಎರಡು ಗಾಡಿಗಳಿವೆ, ಪ್ರತಿ ಗಾಡಿ ಎಲ್ಲಿತ್ತು ಅಂತ ತೋರಿಸಲು ಸೆಕೆಂಡಿಗೊಂದು ಚುಕ್ಕಿ. ಎರಡರ ವೇಗ ಯಾವಾಗ ಸಮ ಅನ್ನುವುದು ಪ್ರಶ್ನೆ. 2ನೇ ಮತ್ತು 5ನೇ ಚುಕ್ಕಿಗಳಲ್ಲಿ ಎರಡೂ ಅಕ್ಕಪಕ್ಕ ಇವೆ. ಅಲ್ಲೇ ವೇಗ ಸಮ ಅಂತ ನೀವು ಬರೆದಿರಿ. ಸರಿ ಉತ್ತರ 3 ಮತ್ತು 4ರ ನಡುವೆ. ಯಾಕೆ ಅಂತ ಕೇಳಿದ್ದೀರಿ.

ನಾನು ಪಿಯುಸಿ ಮಕ್ಕಳಿಗೆ ಭೌತಶಾಸ್ತ್ರ ಹೇಳಿಕೊಡುತ್ತೇನೆ. ಚೆನ್ನಾಗಿ ಓದುವವರೂ ಇಲ್ಲಿ ಎಡವುತ್ತಾರೆ, ಬೇಜಾರು ಮಾಡಿಕೊಳ್ಳಬೇಡಿ. ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಟ್ರೋಬ್ರಿಜ್ ಮತ್ತು ಮೆಕ್‌ಡರ್ಮಾಟ್ ಕಾಲೇಜು ವಿದ್ಯಾರ್ಥಿಗಳ ಮುಂದೆ ಎರಡು ಗುಂಡುಗಳನ್ನು ಉರುಳಿಸಿ ಇದನ್ನೇ ಕೇಳಿದ್ದರು. ಗುಂಡುಗಳು ಅಕ್ಕಪಕ್ಕ ಬಂದ ಕ್ಷಣವನ್ನೇ ತೋರಿಸಿದವರು ಅಲ್ಲೂ ಇದ್ದರು. 1980ರಲ್ಲಿ ಅದು ಪ್ರಕಟವಾಯಿತು.

ಚುಕ್ಕಿ ಹೇಳುವುದು ಗಾಡಿ ಎಲ್ಲಿತ್ತು ಅಂತ ಮಾತ್ರ. ಎಷ್ಟು ಜೋರಾಗಿ ಹೋಗುತ್ತಿತ್ತು ಅಂತ ತಿಳಿಯಲು ಚುಕ್ಕಿಗಳ ನಡುವಿನ ಖಾಲಿ ಜಾಗ ನೋಡಬೇಕು.

ಮೊದಲ ಗಾಡಿಯ ಚುಕ್ಕಿಗಳು 2, 3, 5, 8, 12, 17 ಮೀಟರಿನಲ್ಲಿವೆ ಅಂದುಕೊಳ್ಳಿ. ಎರಡನೆಯದರದ್ದು 0, 3, 6, 9, 12, 15. ಈಗ ಅಂತರ ಬರೆಯಿರಿ. ಮೊದಲನೆಯದಕ್ಕೆ 1, 2, 3, 4, 5 ಬರುತ್ತದೆ, ಎರಡನೆಯದಕ್ಕೆ ಉದ್ದಕ್ಕೂ 3. ಎರಡೂ ಕಡೆ 3 ಸಿಗುವುದು 3ನೇ ಚುಕ್ಕಿಯಿಂದ 4ನೆಯದಕ್ಕೆ ಹೋಗುವಾಗ ಮಾತ್ರ. ಆಗ ಮೊದಲ ಗಾಡಿ ಹಿಂದೆ ಇದೆ, ಆದರೂ ವೇಗ ಸಮ.

ಹಾಗಾದರೆ 2ನೇ ಚುಕ್ಕಿಯಲ್ಲಿ ಏನಾಯಿತು? ಮೊದಲ ಗಾಡಿ ಅಲ್ಲಿಗೆ ಬರುವಾಗ ಸೆಕೆಂಡಿಗೆ 1 ಮೀಟರ್, ಅಲ್ಲಿಂದ ಹೊರಟ ಮೇಲೆ 2 ಮೀಟರ್. ಅಂದರೆ ಅಲ್ಲಿ ಅದರ ವೇಗ ಸುಮಾರು 1.5. ಇನ್ನೊಂದು ಗಾಡಿ ಸೆಕೆಂಡಿಗೆ 3 ಮೀಟರಿನಲ್ಲಿ, ಅದರ ಎರಡು ಪಟ್ಟು ವೇಗದಲ್ಲಿ, ಅದನ್ನು ಓವರ್‌ಟೇಕ್ ಮಾಡುತ್ತಿದೆ. 5ನೇ ಚುಕ್ಕಿಯಲ್ಲಿ ಸರದಿ ತಿರುಗುತ್ತದೆ: ಮೊದಲನೆಯದು ಸುಮಾರು 4.5ರಲ್ಲಿ ಮುಂದೆ ಹೋಗುತ್ತದೆ. ಹೆದ್ದಾರಿಯಲ್ಲಿ ಬಸ್ಸಿನ ಕಿಟಕಿ ಪಕ್ಕ ಕೂತಿದ್ದಾಗ ನೋಡಿರುತ್ತೀರಿ ಅಲ್ವಾ? ಲಾರಿ ಒಂದು ಕ್ಷಣ ನಿಮ್ಮ ಪಕ್ಕದಲ್ಲಿರುತ್ತದೆ, ಆಮೇಲೆ ಹಿಂದೆ ಸರಿಯುತ್ತದೆ. ವೇಗ ಒಂದೇ ಆಗಿದ್ದರೆ ಅದು ಪಕ್ಕದಲ್ಲೇ ಉಳಿಯುತ್ತಿತ್ತು.

ಪರೀಕ್ಷೆಯಲ್ಲಿ ಸ್ಕೇಲು ಬೇಕಾಗುವುದೇ ಇಲ್ಲ. ಕಾಗದದ ಅಂಚನ್ನು ಒಂದು ಅಂತರಕ್ಕೆ ಹಿಡಿದು ಪೆನ್ಸಿಲ್ಲಿನಲ್ಲಿ ಗುರುತು ಮಾಡಿ, ಇನ್ನೊಂದು ಸಾಲಿನ ಮೇಲೆ ಜರುಗಿಸುತ್ತಾ ಹೋಗಿ. ಆದರೆ ಅದಕ್ಕೂ ಮೊದಲು ಎರಡೂ ಸಾಲುಗಳಲ್ಲಿ ಚುಕ್ಕಿಯಿಂದ ಚುಕ್ಕಿಗೆ ಸಮಯ ಒಂದೇನಾ ಅಂತ ನೋಡಿ. ಒಂದರಲ್ಲಿ 1 ಸೆಕೆಂಡ್, ಇನ್ನೊಂದರಲ್ಲಿ ಅರ್ಧ ಸೆಕೆಂಡ್ ಇದ್ದರೆ ಸುಮ್ನೆ ಅಂತರ ಹೋಲಿಸಿದರೆ ಮೋಸ ಹೋಗುತ್ತೀರಿ.

ಲ್ಯಾಬಿನ ಟಿಕರ್ ಟೈಮರ್ (ಗಾಡಿ ಎಳೆದುಕೊಂಡು ಹೋಗುವ ಕಾಗದದ ಪಟ್ಟಿಯ ಮೇಲೆ ಸಮ ಸಮಯಕ್ಕೊಂದು ಚುಕ್ಕಿ ಹಾಕುವ ಸಾಧನ) ಪಟ್ಟಿಯಲ್ಲೂ ಇದೇ ಲೆಕ್ಕ. 50 ಹರ್ಟ್ಸ್ ವಿದ್ಯುತ್ತಿನಲ್ಲಿ ಸೆಕೆಂಡಿಗೆ 50 ಚುಕ್ಕಿ ಬೀಳುತ್ತವೆ, ಒಂದರಿಂದ ಇನ್ನೊಂದಕ್ಕೆ 0.02 ಸೆಕೆಂಡ್. ಅಲ್ಲಿ ಎಣಿಸಬೇಕಾದ್ದು ಅಂತರಗಳನ್ನು: 11 ಚುಕ್ಕಿ ಇದ್ದರೆ 10 ಅಂತರ, 0.2 ಸೆಕೆಂಡ್.