ಯೂನಿಕ್ಸ್ ಹುಟ್ಟಿದ್ದು ಆಟಕ್ಕಾಗಿಯೇ?

ಪ್ರಶ್ನೆ: ಕಂಪ್ಯೂಟರ್‌ನಲ್ಲಿ ಆಟವೊಂದನ್ನು ಆಡುವುದಕ್ಕಾಗಿಯೇ ಯೂನಿಕ್ಸ್ ಕಾರ್ಯಾಚರಣ ವ್ಯವಸ್ಥೆಯನ್ನು (ಯಂತ್ರವನ್ನು ನಡೆಸುವ ಮೂಲ ತಂತ್ರಾಂಶವನ್ನು) ಬರೆದರಂತೆ, ನಿಜವೇ? ಅದರ ಆದೇಶಗಳು ಎರಡೆರಡೇ ಅಕ್ಷರಗಳಷ್ಟು ಮೋಟಾಗಿರುವುದೇಕೆ?

ಉತ್ತರ: ಆಟವಿದ್ದುದು ನಿಜ. ಆದರೆ ಅದು ನೆಪವಾಯಿತೇ ಹೊರತು ಮೂಲ ಕಾರಣವಲ್ಲ. ಹಲವರು ಏಕಕಾಲಕ್ಕೆ ಒಂದೇ ಯಂತ್ರವನ್ನು ಬಳಸಲು ಅನುವಾಗುವಂತೆ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯ, ಜನರಲ್ ಎಲೆಕ್ಟ್ರಿಕ್ ಕಂಪನಿ ಮತ್ತು ಬೆಲ್ ಲ್ಯಾಬ್ಸ್ ಸಂಶೋಧನಾ ಸಂಸ್ಥೆ ಸೇರಿ ‘ಮಲ್ಟಿಕ್ಸ್’ ಎಂಬ ಬೃಹತ್ ವ್ಯವಸ್ಥೆಯನ್ನು ಕಟ್ಟುತ್ತಿದ್ದವು. ಕೆಲಸ ಬೆಳೆಯುತ್ತಲೇ ಹೋಗಿ ಮುಗಿಯುವ ಲಕ್ಷಣ ಕಾಣದಿದ್ದಾಗ, 1969ರಲ್ಲಿ ಬೆಲ್ ಲ್ಯಾಬ್ಸ್ ಅದರಿಂದ ಹೊರಬಂದಿತು. ಒಬ್ಬರು ಬರೆದದ್ದನ್ನು ಇನ್ನೊಬ್ಬರು ಕೂಡಲೇ ನೋಡಿ, ಬಳಸಿ, ತಿದ್ದಬಹುದಾದ ಒಡನಾಟದ ರುಚಿ ಹತ್ತಿದ್ದ, ಬೆಲ್ ಲ್ಯಾಬ್ಸ್‌ನ ಕೆನ್ ಥಾಂಪ್ಸನ್, ಡೆನಿಸ್ ರಿಚಿ ಮೊದಲಾದವರಿಗೆ ಇದು ದೊಡ್ಡ ನಷ್ಟ. ಹೊಸ ಯಂತ್ರ ಬೇಕೆಂದು ಕೇಳಿದರೆ ಸಂಸ್ಥೆ ಒಪ್ಪಲಿಲ್ಲ. ಥಾಂಪ್ಸನ್, ರಿಚಿ ಮತ್ತು ಸಹೋದ್ಯೋಗಿ ರಡ್ ಕೆನಡೆ ರೂಪಿಸಿದ, ಕಡತಗಳನ್ನು ಜೋಡಿಸಿಡುವ ಕಡತ ವ್ಯವಸ್ಥೆ ಕಪ್ಪುಹಲಗೆಯ ಮೇಲೆಯೇ ಉಳಿದಿತ್ತು.

ಆಟ ಬರುವುದು ಇಲ್ಲಿ. ಸೌರಮಂಡಲದಲ್ಲಿ ನೌಕೆ ನಡೆಸಿ ಗ್ರಹಗಳ ಮೇಲೆ ಇಳಿಸುವ ‘ಸ್ಪೇಸ್ ಟ್ರಾವೆಲ್’ ಎಂಬ ಆಟವನ್ನು ಥಾಂಪ್ಸನ್ ಬರೆದಿದ್ದರು. ಜಿಇ-635 ಎಂಬ ದೊಡ್ಡ ಯಂತ್ರದಲ್ಲಿ ಅದನ್ನು ಒಮ್ಮೆ ಆಡಿದರೆ ಯಂತ್ರದ ಸಮಯಕ್ಕೆ ಸುಮಾರು 75 ಡಾಲರ್ ಲೆಕ್ಕ ಬೀಳುತ್ತಿತ್ತು, ಅಷ್ಟಾದರೂ ಚಿತ್ರ ತಡವರಿಸುತ್ತಿತ್ತು. ಹೆಚ್ಚು ಬಳಕೆಯಿಲ್ಲದ ಪಿಡಿಪಿ-7 ಎಂಬ ಚಿಕ್ಕ ಯಂತ್ರವೊಂದು ಕಣ್ಣಿಗೆ ಬಿದ್ದುದರಿಂದ, ಅವರೂ ರಿಚಿಯವರೂ ಆಟವನ್ನು ಅದಕ್ಕೆಂದು ಹೊಸದಾಗಿ ಬರೆದರು. ಮೊದಮೊದಲು ಪ್ರೋಗ್ರಾಂ ಅನ್ನು ದೊಡ್ಡ ಯಂತ್ರದಲ್ಲಿ ಸಿದ್ಧಪಡಿಸಿ, ಕಾಗದದ ಪಟ್ಟಿಯಲ್ಲಿ ರಂಧ್ರಗಳಾಗಿ ಕೊರೆಸಿ, ಆ ಪಟ್ಟಿಯನ್ನು ಕೈಯಲ್ಲಿ ಹಿಡಿದುಕೊಂಡು ಹೋಗಿ ಪಿಡಿಪಿ-7ಕ್ಕೆ ಓದಿಸಬೇಕಾಗಿತ್ತು. ಈ ಓಡಾಟದಲ್ಲಿ ಯಂತ್ರದ ಒಳಹೊರಗು ಕರಗತವಾಯಿತು, ಹಲಗೆಯ ಮೇಲಿದ್ದ ಕಡತ ವ್ಯವಸ್ಥೆ ಅದಕ್ಕೆ ಇಳಿಯಿತು. ಆ ಬೇಸಿಗೆಯಲ್ಲಿ ಪತ್ನಿ ಊರಿಗೆ ಹೋಗಿದ್ದಾಗ ಥಾಂಪ್ಸನ್ ವ್ಯವಸ್ಥೆಯ ತಿರುಳಾದ ಕರ್ನೆಲ್, ಆದೇಶಗಳನ್ನು ಓದಿ ನಡೆಸುವ ಶೆಲ್, ಬರಹ ತಿದ್ದುವ ಎಡಿಟರ್, ಪ್ರೋಗ್ರಾಂ ಅನ್ನು ಯಂತ್ರದ ಭಾಷೆಗೆ ಇಳಿಸುವ ಅಸೆಂಬ್ಲರ್‌ಗಳಿಗೆ ತಲಾ ಒಂದು ವಾರ ಮೀಸಲಿಟ್ಟು ಬರೆದರು. ಅಲ್ಲಿಂದ ಮುಂದೆ ಕಾಗದದ ಪಟ್ಟಿ ಹೊರುವ ಅಗತ್ಯವಿರಲಿಲ್ಲ. ಯಂತ್ರ ತನ್ನ ಪ್ರೋಗ್ರಾಂಗಳನ್ನು ತಾನೇ ಸಿದ್ಧಪಡಿಸಿಕೊಳ್ಳುತ್ತಿತ್ತು. ಯೂನಿಕ್ಸ್ ಹುಟ್ಟಿದ ಗಳಿಗೆ ಎಂದು ನಾನು ಕರೆಯುವುದು ಇದನ್ನೇ. ಮಲ್ಟಿಕ್ಸ್ ಅನ್ನು ಅಣಕಿಸುವ ‘ಯೂನಿಕ್ಸ್’ ಎಂಬ ಹೆಸರು ಬಂದದ್ದು ಆಮೇಲೆ. ‘ಸಿ’ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಮರುಬರವಣಿಗೆಯಾದದ್ದು 1973ರಲ್ಲಿ.

ಆದೇಶಗಳ ಮೋಟುತನಕ್ಕೆ ಟೆಲಿಟೈಪ್ ಅನ್ನು ನೆನೆಯಬೇಕು. ಆಗ ಪರದೆಯ ಬದಲು ಬೆರಳಚ್ಚು ಯಂತ್ರದಂತಹ ಈ ಸಾಧನವೇ ಕಂಪ್ಯೂಟರ್‌ನೊಂದಿಗೆ ವ್ಯವಹರಿಸುವ ಮಾರ್ಗವಾಗಿತ್ತು. ಅದರ ಕೀಲಿಗಳನ್ನು ಒತ್ತಲು ಬೆರಳಿಗೆ ಬಲ ಬೇಕಿತ್ತು. ಕಾಗದದ ಸುರುಳಿಯ ಮೇಲೆ ಅದು ಮುದ್ರಿಸುತ್ತಿದ್ದುದು ಸೆಕೆಂಡಿಗೆ 10 ಅಕ್ಷರ. 70 ಅಕ್ಷರಗಳ ಒಂದು ಸಾಲು ಮೂಡಲು 7 ಸೆಕೆಂಡು ಕಾಯಬೇಕು. ಕಡತಗಳ ಪಟ್ಟಿಗೆ ‘ಎಲ್‌ಎಸ್’, ನಕಲಿಗೆ ‘ಸಿಪಿ’, ಜಾಗ ಬದಲಿಸಲು ‘ಎಂವಿ’ ಎಂದರೆ ಸಾಕೆಂಬ ಮಿತವ್ಯಯ ಅಲ್ಲಿಂದ ಬಂದದ್ದು. ಇಂದಿಗೂ ಕಡತವೊಂದನ್ನು ನಕಲಿಸಲು ಹೇಳಿದರೆ, ಕೆಲಸ ಸರಿಯಾಗಿ ಆದಾಗ ಯೂನಿಕ್ಸ್ ಒಂದು ಮಾತನ್ನೂ ಆಡದೆ ಮುಂದಿನ ಆದೇಶಕ್ಕೆ ಕಾಯುತ್ತದೆ.