ಕೋಡಿ ಹತ್ತುವ ಮೀನಿಗೆ ಏಣಿ ಬೇಕೇ?

ಮುಂಗಾರು ಹತ್ತಿರವಾದಂತೆ ನನಗೆ ಬರುವ ಪತ್ರಗಳಲ್ಲಿ ಮುಕ್ಕಾಲುಪಾಲು ಒಂದೇ ಪ್ರಶ್ನೆಯ ಬೇರೆಬೇರೆ ವೇಷಗಳು. ಈ ಸಲ ಅದಕ್ಕೆ ಬಿಡಿಸಿ ಬರೆಯುತ್ತೇನೆ. ಮುಂದಿನ ವರ್ಷ ಕೇಳುವವರಿಗೆ ಇದನ್ನೇ ಕತ್ತರಿಸಿ ಕಳುಹಿಸುವುದು ಎಂದು ತೀರ್ಮಾನಿಸಿದ್ದೇನೆ.

ನಮ್ಮೂರ ಪಕ್ಕದ ಶಿಂಷಾ ಹೊಳೆಯ ಪುನಶ್ಚೇತನಕ್ಕೆ ಹಣ ಮಂಜೂರಾಗಿದೆ. ಹೂಳೆತ್ತಿಸಿ, ಅಂಕುಡೊಂಕು ತೆಗೆದು, ಎರಡೂ ದಡಕ್ಕೆ ಕಲ್ಲು ಕಟ್ಟಿಸುತ್ತೇವೆ. ಚೆಕ್ ಡ್ಯಾಮಿಗೆ, ಮೀನು ಹತ್ತಿ ದಾಟಲು ಮೆಟ್ಟಿಲಿನಂಥ ಮೀನಿನ ಏಣಿಯನ್ನೂ ಇಡಿಸುವ ಯೋಚನೆಯಿದೆ. ಹಿಂದಿನ ಮೀನುಗಳು ವಾಪಸ್ ಬರುತ್ತವೆಯೇ? (ಗುಬ್ಬಿ ತಾಲ್ಲೂಕು)

ಬರುವುದಿಲ್ಲ. ಇರುವವೂ ಹೋಗುತ್ತವೆ.

ನೀವು ಹೇಳುತ್ತಿರುವುದು ಚರಂಡಿ ಕಟ್ಟುವ ಕೆಲಸ. ಅದಕ್ಕೆ ಪುನಶ್ಚೇತನ ಎಂದು ಹೆಸರಿಟ್ಟವರು ಮೊದಲ ಮಳೆಯ ರಾತ್ರಿ ಒಮ್ಮೆಯೂ ಕೋಡಿಯ ಬಳಿ ನಿಂತವರಲ್ಲ. ಬ್ಯಾಟರಿ ಹಿಡಿದು ಹೋಗಿ ನೋಡಿ. ಹಳೆಯ ಕೆರೆಯ ಕೋಡಿಕಲ್ಲುಗಳ ಮೇಲೆ ನಾಲ್ಕು ಬೆರಳು ಕೆನ್ನೀರು ಜಾರುತ್ತಿರುತ್ತದೆ. ಅದರಲ್ಲಿ ಗೇಣುದ್ದದ ಗೆಂಡೆಗಳು ಮಗ್ಗುಲಾಗಿ, ಅರ್ಧ ಮೈ ಗಾಳಿಯಲ್ಲಿ, ಬಾಲ ಬಡಿಯುತ್ತ ಒಂದು ಕಲ್ಲಿನ ಸಂದಿಯಿಂದ ಇನ್ನೊಂದಕ್ಕೆ ಏರುತ್ತವೆ. ಸಂದಿಯಲ್ಲಿ ಅರೆಗಳಿಗೆ ಸುಧಾರಿಸಿಕೊಂಡು ಮತ್ತೆ ಹೊರಡುತ್ತವೆ. ಹೊಟ್ಟೆಯ ತುಂಬ ತತ್ತಿ. ನೀರು ತಣ್ಣಗಾಗಿ, ಕದಡಿ, ಏರಿತು ಎಂಬುದೇ ಅವಕ್ಕೆ ಕರೆಯೋಲೆ.

ಹೀಗೆ ಹೊರಟ ಮೀನು ಬರೀ ಮೇಲಕ್ಕಲ್ಲ, ಪಕ್ಕಕ್ಕೂ ಹೋಗುತ್ತದೆ. ಇದು ಯಾರ ಅಂದಾಜುಪಟ್ಟಿಯಲ್ಲೂ ಇರುವುದಿಲ್ಲ. ದಡ ಮೀರಿದ ನೀರು ಹೊಳೆಯಂಚಿನ ಗೋಮಾಳ, ಜೊಂಡಿನ ತಗ್ಗು, ಗದ್ದೆಗಳಿಗೆ ಹರಡುತ್ತದೆ. ಅಲ್ಲಿ ಸೆಳವಿಲ್ಲ, ನೀರು ಬೆಚ್ಚಗಿರುತ್ತದೆ, ಮುಳುಗಿದ ಹುಲ್ಲಿನಲ್ಲಿ ಮರಿಗೆ ಬೇಕಾದ ಸಣ್ಣ ಹುಳುಹುಪ್ಪಟೆ ಸಮೃದ್ಧ. ಕೊರವ ಮೀನು ಮರಿ ಮಾಡುವುದು ಇಂಥ ಕಡೆಯೇ. ಮೊಣಕಾಲುದ್ದದ ನೀರಿನಲ್ಲಿ ಕೆಂಪುಮರಿಗಳ ಒಂದು ಮುದ್ದೆ ಕುದಿಯುವಂತೆ ಮೇಲೆದ್ದು ಉಸಿರೆಳೆದು ಮುಳುಗುತ್ತದೆ. ಕೆಳಗೆ ಕಾವಲಿಗೆ ತಾಯ್ತಂದೆ. ದಡಕ್ಕೆ ಕಲ್ಲು ಕಟ್ಟಿದ ದಿನ ಈ ಹೆರಿಗೆಮನೆಗೆ ಬೀಗ ಬಿತ್ತೆಂದು ತಿಳಿಯಿರಿ.

ಇದು ಹಳೆಯ ಕಾಲದ ಹಂಬಲವಲ್ಲ. ಅಮೆರಿಕದ ಸ್ಯಾಕ್ರಮೆಂಟೋ ನದಿಯ ಪಕ್ಕದಲ್ಲಿ, ಪ್ರವಾಹ ಹರಿದುಹೋಗಲೆಂದೇ ಬಿಟ್ಟ ಯೋಲೋ ಬೈಪಾಸ್ ಎಂಬ ಬಯಲಿದೆ. ನೀರಿಲ್ಲದ ಕಾಲದಲ್ಲಿ ಅಲ್ಲಿ ಭತ್ತ ಬೆಳೆಯುತ್ತಾರೆ. ನೆರೆ ಹರಡಿದ ಆ ಬಯಲಿನಲ್ಲಿ ಮೇಯ್ದ ಸಾಲ್ಮನ್ ಮರಿಗಳು ನದಿಯ ಪಾತ್ರದಲ್ಲೇ ಉಳಿದವಕ್ಕಿಂತ ಬೇಗ ದಪ್ಪವಾದವು. ಸಾಲ್ಮನ್ ನಮ್ಮ ಮೀನಲ್ಲ, ಆ ನದಿಯೂ ನಮ್ಮದಲ್ಲ. ಆದರೆ ಮರಿಗಳ ಹಸಿವು ಒಂದೇ.

ಇನ್ನು ಏಣಿ. ಇದರಲ್ಲಿ ನಾನೂ ಪಾಪ ಮಾಡಿದವನೇ. ಎಷ್ಟೋ ವರ್ಷದ ಹಿಂದೆ ಒಂದು ಒಡ್ಡಿಗೆ ಪುಸ್ತಕದಲ್ಲಿದ್ದಂತೆ ಸಿಮೆಂಟಿನ ಮೆಟ್ಟಿಲುತೊಟ್ಟಿಗಳನ್ನು ಇಡಿಸಿದೆ. ನೀರು ಧುಮುಕುತ್ತಿದ್ದದ್ದು ಎಡಗಡೆ, ನನ್ನ ಏಣಿಯ ಬಾಯಿ ಇದ್ದದ್ದು ಬಲಗಡೆ. ಮೀನು ಸೆಳವನ್ನು ಹುಡುಕಿಕೊಂಡು ಹೋಗುತ್ತದೆಯೇ ಹೊರತು ನಕ್ಷೆಯನ್ನಲ್ಲ. ಎಲ್ಲವೂ ಎಡಗಡೆ ಗುಂಪುಗೂಡಿದವು. ಊರ ಹುಡುಗರು ಮಂಕರಿಯಲ್ಲಿ ಬಾಚಿಕೊಂಡರು. ಅಂದಿನಿಂದ ಏಣಿ ಎಂದರೆ ನನಗೆ ಅನುಮಾನ. ಸಾಲ್ಮನ್‌ನಂತೆ ನೆಗೆಯುವ ಮೀನಿಗಾಗಿ ಹುಟ್ಟಿದ ಆ ವಿನ್ಯಾಸವನ್ನು ನಮ್ಮ ಗೆಂಡೆಗಳ ತಲೆಗೆ ಕಟ್ಟಬಾರದು.

ಹಣ ಖರ್ಚು ಮಾಡಲೇಬೇಕಿದ್ದರೆ ಹೀಗೆ ಮಾಡಿ. ಚೆಕ್ ಡ್ಯಾಮಿನ ಕೆಳಗೆ, ನೀರು ಹೆಚ್ಚು ಬೀಳುವ ಕಡೆಯಲ್ಲೇ, ಒರಟು ಗುಂಡುಕಲ್ಲಿನ ಇಳಿಜಾರು ಹಾಕಿಸಿ. ಒಂದಡಿ ಏರಿಕೆಗೆ ಇಪ್ಪತ್ತಡಿ ಉದ್ದ. ಮೂರಡಿ ಒಡ್ಡಿಗೆ ಅರವತ್ತಡಿ. ಕಲ್ಲುಗಳು ಸಾಲಾಗಿ ಕೂರದಿರಲಿ, ಹಿಂದೆ ನೀರು ತಂಗುವ ಹಾಗೆ ಎಡಬಲ ಇರಲಿ. ಮೇಸ್ತ್ರಿ ಚಂದ ಕಾಣಲೆಂದು ಸಿಮೆಂಟ್ ಸಾರಿಸಲು ಬಂದರೆ ಮನೆಗೆ ಕಳುಹಿಸಿ. ಜೆಸಿಬಿಯವನಿಗೆ ಮಡುಗಳನ್ನು ಮುಟ್ಟಬೇಡ ಎಂದು ಎದುರು ನಿಂತು ಹೇಳಿ. ಹೊಳೆಯನ್ನು ತಟ್ಟೆಯಂತೆ ಸಮ ಮಾಡಿದರೆ ಬೇಸಿಗೆಯಲ್ಲಿ ಮೀನಿಗೆ ತಲೆಮರೆಸಿಕೊಳ್ಳಲು ಜಾಗವಿಲ್ಲ. ದಡದ ಹೊಂಗೆ, ಹೊಳೆಮತ್ತಿಗಳ ಬೇರು ಹಾಗೆಯೇ ಇರಲಿ. ಗೋಮಾಳದ ಕಡೆ ಬದು ಎರಡು ಕಡೆ ತಗ್ಗಿಸಿ. ಒಂದು ಕಡೆ ನೀರು ಒಳಗೆ ಬರಲಿ, ಕೆಳಗಿನದರಿಂದ ಇಳಿಯುವ ನೀರಿನ ಜೊತೆ ಮರಿಗಳು ಹೊಳೆಗೆ ಹಿಂತಿರುಗಲಿ. ಈ ಎರಡನೆಯ ದಾರಿ ಮರೆತರೆ ತಗ್ಗಿನಲ್ಲಿ ಸಿಕ್ಕಿಬಿದ್ದ ಮರಿಗಳು ಕೊಕ್ಕರೆಗಳ ಪಾಲು. ಒಂದು ವೇಳೆ ಗದ್ದೆಯ ಮಾಲೀಕರು ಒಪ್ಪದಿದ್ದರೆ ಒತ್ತಾಯ ಬೇಡ, ಗೋಮಾಳವೇ ಸಾಕು.

ಬತ್ತಿದ ಜಯಮಂಗಲಿಯಲ್ಲಿ ನೀರು ಬಂದ ಕೂಡಲೇ ಮೀನು ಕಾಣುತ್ತಿತ್ತು. ಮಳೆಯ ಜೊತೆ ಬೀಳುತ್ತವಂತೆ, ನಿಜವೇ? (ಮಧುಗಿರಿ)

ಸುಳ್ಳು. ಅವು ಮಡುಗಳಲ್ಲಿ, ತಲಪರಿಗೆ ಎಂಬ ನೆಲದ ಚಿಲುಮೆಗಳ ಒರತೆ ನೀರಿನಲ್ಲಿ, ಮೇಲಿನ ಕೆರೆಗಳಲ್ಲಿ ಜೀವ ಹಿಡಿದು ಕಾಯುತ್ತಿದ್ದವು. ಮರಳು ಲಾರಿ ಹತ್ತಿದಂತೆ ಒರತೆ ಪಾತಾಳಕ್ಕಿಳಿಯಿತು. ಈಗ ಆಕಾಶ ನೋಡಿ ಫಲವಿಲ್ಲ.

ಮಾರ್ಕೋನಹಳ್ಳಿ ಜಲಾಶಯಕ್ಕೆ ಏಣಿ ಇಟ್ಟರೆ ಸಮುದ್ರದಿಂದ ಬರುವ ಮೀನುಗಳು ಕುಣಿಗಲ್‌ವರೆಗೆ ಬರಬಹುದೇ?

ಕೆಳಗೆ, ಶಿಂಷಾ ಹೋಗಿ ಸೇರುವ ಕಾವೇರಿಗೆ ಅಡ್ಡಲಾಗಿ 1934ರಿಂದ ಮೆಟ್ಟೂರು ಅಣೆಕಟ್ಟು ನಿಂತಿದೆ. ಸಮುದ್ರದಿಂದ ಏರಿ ಬರುವ ಹಿಲ್ಸಾ ಮೀನಿನ ಪಯಣ ಅಲ್ಲಿಗೇ ಮುಗಿಯಿತು. ಮುಂದಿನ ಪ್ರಶ್ನೆ.

ಹೊಳೆಗೆ ಕಾಟ್ಲಾ, ರೋಹು ಮರಿ ಬಿಡಬಹುದೇ? (ಗೌರಿಬಿದನೂರು)

ಕೆರೆಯಲ್ಲಿ ಸಾಕಿ, ತಿನ್ನಿ, ಮಾರಿ. ನಿಂತ ನೀರಿನಲ್ಲಿ ತತ್ತಿ ಇಡದ ಉತ್ತರದ ಮೀನುಗಳವು. 1957ರಲ್ಲಿ ಮೀನು ವಿಜ್ಞಾನಿ ಹೀರಾಲಾಲ್ ಚೌಧುರಿ ಮಿದುಳಿನ ಬುಡದ ಪಿಟ್ಯುಟರಿ ಗ್ರಂಥಿಯ ಸಾರ ಚುಚ್ಚಿ ತತ್ತಿ ಇಡಿಸಿದ್ದರಿಂದಲೇ ಇಂದು ಬೇಕಾದಷ್ಟು ಮರಿ ಸಿಗುತ್ತಿವೆ. ಹೊಳೆ ಉಳಿಸುವುದಕ್ಕೂ ಇದಕ್ಕೂ ಸಂಬಂಧವಿಲ್ಲ.

ಒಬ್ಬರು ಕ್ಯಾನಿನಲ್ಲಿ ಜೀವಾಣು ದ್ರಾವಣ ಮಾರುತ್ತಿದ್ದಾರೆ. ಸುರಿದರೆ ನದಿ ಶುದ್ಧವಾಗಿ ಮೀನು ಹೆಚ್ಚುತ್ತವಂತೆ.

ಅವರ ಜೇಬಿನಲ್ಲಿ ಹೆಚ್ಚುವುದಂತೂ ಖಚಿತ.

ಬೆಂಗಳೂರಿನ ಕೊಳಚೆ ಸಂಸ್ಕರಿಸಿ ಬಿಡುವ ಕೆ.ಸಿ. ವ್ಯಾಲಿ ನೀರಿನಿಂದ ನಮ್ಮ ಕೆರೆಗಳು ತುಂಬಿವೆ. ಇನ್ನು ಪಾಲಾರ್ ಹೊಳೆಯ ಮೀನು ಮರಳುತ್ತವೆಯೇ? (ಕೋಲಾರ)

ವರ್ಷವಿಡೀ ಒಂದೇ ಮಟ್ಟದಲ್ಲಿ ನಿಂತ ನೀರು ಯಾವ ಮೀನನ್ನೂ ಎಬ್ಬಿಸುವುದಿಲ್ಲ. ಅವಕ್ಕೆ ಏರಿಳಿತ ಬೇಕು. ಅದಕ್ಕೆ ಮೊದಲು ರಾಜಕಾಲುವೆಗಳ ಒತ್ತುವರಿ ಬಿಡಿಸಿ.

ಕೋಡಿ ಹತ್ತುವ ಮೀನು ಹಿಡಿಯುವುದು ನಮ್ಮ ಅಜ್ಜನ ಕಾಲದಿಂದ ಬಂದದ್ದು. ತಪ್ಪೇನು? (ತುರುವೇಕೆರೆ)

ಅಜ್ಜನ ಕಾಲದಲ್ಲಿ ನೈಲಾನ್ ಬಲೆ ಇರಲಿಲ್ಲ, ಕೋಡಿಯ ಎರಡೂ ಬದಿ ಮುಚ್ಚುತ್ತಿರಲಿಲ್ಲ. ಮೊದಲ ಕೋಡಿಯಿಂದ ಹದಿನೈದು ದಿನ ನಿಮ್ಮ ಮೀನು ಹಿಡಿಯುವ ಕೂಳಿ ಅಟ್ಟದ ಮೇಲಿರಲಿ.