ಎಷ್ಟು ಸಹಿ ಬಿದ್ದರೂ ನಾಯಿ ಬೀಚ್ ಉಳಿಯದು

ನಾಯಿಗಳನ್ನು ಬಿಡಲು ಇದ್ದ ಒಂದೇ ಕಡಲತೀರವನ್ನೂ ಮುಚ್ಚುತ್ತಾರಂತೆ, ಏನು ಮಾಡೋಣ ಎಂಬ ಪತ್ರಗಳು ನಿಲ್ಲುತ್ತಲೇ ಇಲ್ಲ. ಹೆಚ್ಚಿನವು ಬರುವುದು ಆಕ್ಷೇಪಣೆಯ ಕೊನೆಯ ದಿನ ಕಳೆದ ಮೇಲೆ. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದ ಕತೆ. ನಾಯಿಗೆ ಲಸಿಕೆ ಹಾಕಿಸಿ, ಕರೆದರೆ ಬರುವಂತೆ ಕಲಿಸಿ ಎಂಬ ಮಾತನ್ನೆಲ್ಲ ಇಲ್ಲಿ ಹೇಳುವುದಿಲ್ಲ. ಅದೂ ಆಗಿಲ್ಲವಾದರೆ ಬೀಚಿನ ಚಿಂತೆ ಬಿಡಿ.

ನಮ್ಮ ನಾಯಿ ಬೀಚ್ ಮುಚ್ಚುವುದಾಗಿ ಸ್ಥಳೀಯ ಆಡಳಿತ ನೋಟಿಸು ಹಾಕಿದೆ. ನೀರು ಕೊಳಕಾಗಿದೆ, ಹಕ್ಕಿಗಳಿಗೆ ತೊಂದರೆ, ದೂರು ಜಾಸ್ತಿ ಎಂದು ಕಾರಣ ಕೊಟ್ಟಿದ್ದಾರೆ. ಆನ್‌ಲೈನಿನಲ್ಲಿ ಎಂಟು ಸಾವಿರ ಸಹಿ ಕೂಡಿಸಿದ್ದೇವೆ. ಮುಂದೇನು?

ಆ ಎಂಟು ಸಾವಿರದಲ್ಲಿ ಊರಿನವರೆಷ್ಟು ಮಂದಿ? ಸಭೆಯಲ್ಲಿ ಮೊದಲು ಕೇಳುವುದೇ ಇದನ್ನು. ಪಿನ್‌ಕೋಡ್ ಪ್ರಕಾರ ಬೇರ್ಪಡಿಸಿ, ಸ್ಥಳೀಯರ ಪಟ್ಟಿಯನ್ನು ಮಾತ್ರ ಮುಂದಿಡಿ. ಏಳು ಸಾವಿರ ಹೆಸರು ಬಿದ್ದುಹೋದರೂ ಪರವಾಗಿಲ್ಲ. ಒಂದೇ ಒಕ್ಕಣೆಯ ಸಾವಿರ ಮಿಂಚಂಚೆಯನ್ನು ಅಧಿಕಾರಿಗಳು ಒಂದೇ ಆಕ್ಷೇಪಣೆ ಎಂದು ಎಣಿಸುವುದೇ ಹೆಚ್ಚು. ಅವರವರ ಮಾತಿನಲ್ಲಿ ಬರೆದ ಅರವತ್ತು ಪತ್ರಗಳು ಕಡತಕ್ಕೆ ಅರವತ್ತಾಗಿಯೇ ಸೇರುತ್ತವೆ.

ಈಗ ನೋಟಿಸನ್ನು ಮತ್ತೊಮ್ಮೆ ಓದಿ. ತೀರ್ಮಾನ ಯಾರ ಕೈಯಲ್ಲಿದೆ, ಯಾವ ನಿಯಮದಡಿ, ಕೊನೆಯ ದಿನ ಯಾವುದು, ಕಾರಣ ಏನೆಂದು ಬರೆದಿದ್ದಾರೆ ಎಂಬ ನಾಲ್ಕು ಸಂಗತಿಗಳು ತಿಳಿಯದೆ ಬ್ಯಾನರ್ ಕಟ್ಟಬೇಡಿ. ಒಣ ಮರಳು ಒಂದು ಸಂಸ್ಥೆಯದು, ಭರತದ (ಉಬ್ಬರದ) ಗೆರೆಯಿಂದ ಕೆಳಗಿನ ಒದ್ದೆ ಮರಳು ಇನ್ನೊಂದರದು ಎಂಬ ಏರ್ಪಾಡು ಎಷ್ಟೋ ಕಡೆ ಇದೆ. ತಪ್ಪು ಕಚೇರಿಯ ಮುಂದೆ ಮೂರು ವಾರ ಕೂಗಿ ಗಂಟಲು ಒಣಗಿಸಿಕೊಂಡವರು ಕಮ್ಮಿಯಿಲ್ಲ.

ಅದರ ಜೊತೆಗೇ ಮಾಹಿತಿ ಹಕ್ಕಿನ ಅರ್ಜಿ ಹಾಕಿ: ಕಳೆದ ಮೂರು ವರ್ಷಗಳ ದೂರು ದಾಖಲೆ, ನೀರಿನ ಪರೀಕ್ಷಾ ವರದಿಗಳು, ಕಡಿತದ ಪ್ರಕರಣಗಳು, ಶುಚಿ ಮಾಡಿದ ಖರ್ಚು, ಈ ವಿಷಯ ಚರ್ಚೆಯಾದ ಸಭೆಗಳ ನಡಾವಳಿ. ದೂರುಗಳು ಕೈಗೆ ಬಂದಾಗ ಬಿಡಿಸಿ ಎಣಿಸಿ. ಕಡಿತ ಎಷ್ಟು, ಬೊಗಳಾಟ ಎಷ್ಟು, ಪಾರ್ಕಿಂಗ್ ಜಗಳ ಎಷ್ಟು, ಒಬ್ಬರೇ ಬರೆದವು ಎಷ್ಟು ಎಂಬುದು ಹೊರಬೀಳುತ್ತದೆ.

ಆಡಳಿತ ಕಾನೂನಿನ ಕ್ರಮ ತಪ್ಪಿದ್ದರೆ ಅದೇ ನಿಮ್ಮ ಗಟ್ಟಿ ಹಿಡಿತ. ಸ್ಯಾನ್ ಫ್ರಾನ್ಸಿಸ್ಕೊದ ಗೋಲ್ಡನ್ ಗೇಟ್ ರಾಷ್ಟ್ರೀಯ ಮನರಂಜನಾ ಪ್ರದೇಶದಲ್ಲಿ ಕೆಲವೆಡೆ ನಾಯಿಗಳನ್ನು ಲೀಶ್ (ಹಿಡಿಯುವ ಹಗ್ಗ) ಇಲ್ಲದೆ ಬಿಡಲು 1979ರ ನೀತಿ ಅವಕಾಶ ಕೊಟ್ಟಿತ್ತು. ಆಡಳಿತ ಅದನ್ನು ಬದಿಗೊತ್ತಿ ದಂಡ ಹಾಕತೊಡಗಿತು. ಸಾರ್ವಜನಿಕ ಪ್ರಕಟಣೆ ಹೊರಡಿಸಿ ಅಭಿಪ್ರಾಯ ಕೇಳದೆ ಹೀಗೆ ಬದಲಾಯಿಸುವಂತಿಲ್ಲ ಎಂದು 2005ರಲ್ಲಿ ನ್ಯಾಯಾಲಯ ಹೇಳಿತು. 2016ರಲ್ಲಿ ಬಿಗಿಯಾದ ಕರಡು ನಿಯಮ ಬಂತು. 2017ರಲ್ಲಿ ಅದನ್ನೂ ಕೈಬಿಟ್ಟರು. ಇಂಗ್ಲೆಂಡಿನಲ್ಲಿ ನಾಯಿಗಳಿಗೂ ನಿರ್ಬಂಧ ಹಾಕಬಲ್ಲ, 2014ರ ಕಾನೂನಿನ ಪ್ರಕಾರ ಹೊರಡಿಸುವ ಸಾರ್ವಜನಿಕ ಸ್ಥಳ ರಕ್ಷಣಾ ಆದೇಶ ಒಂದು ಸಲಕ್ಕೆ ಹೆಚ್ಚೆಂದರೆ ಮೂರು ವರ್ಷ ನಡೆಯುತ್ತದೆ. ಹೈಕೋರ್ಟಿನಲ್ಲಿ ಪ್ರಶ್ನಿಸಲು ಆರು ವಾರವಷ್ಟೇ ಗಡುವು. ನಿಮ್ಮ ಕಡೆಯ ಕಾನೂನು ಬೇರೆ ಇರಬಹುದು, ಗಡುವು ಮಾತ್ರ ಇದ್ದೇ ಇರುತ್ತದೆ. ಕ್ಯಾಲೆಂಡರಿನಲ್ಲಿ ಕೆಂಪು ಶಾಯಿಯಿಂದ ಬರೆದಿಡಿ.

ನೀರಿನ ಮಾತಿಗೆ ಬರೋಣ. ನಾಯಿಯವರು ಅತಿ ಹೆಚ್ಚು ಸೋಲುವುದು ಇಲ್ಲೇ, ಅದೂ ಅನವಶ್ಯಕವಾಗಿ. ಸಮುದ್ರದ ನೀರಿಗೆ ಮಲ ಸೇರಿದೆಯೇ ಎಂದು ತಿಳಿಯಲು ಸಾಮಾನ್ಯವಾಗಿ ಅಳೆಯುವ ಸೂಚಕ ಬ್ಯಾಕ್ಟೀರಿಯಾ ಎಂಟರೊಕಾಕಸ್. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯ 2012ರ ಮಾನದಂಡ 100 ಮಿಲಿಲೀಟರಿಗೆ ಗುಣೋತ್ತರ ಸರಾಸರಿ 35 ಬ್ಯಾಕ್ಟೀರಿಯಾ ಕಾಲನಿ. ಆದರೆ ಈ ಬ್ಯಾಕ್ಟೀರಿಯಾ ಮನುಷ್ಯರ ಮಲದಲ್ಲೂ ಇದೆ, ಕಡಲಕ್ಕಿಗಳ ಹಿಕ್ಕೆಯಲ್ಲೂ ಇದೆ; ಒದ್ದೆ ಮರಳಿನಲ್ಲಿ, ಕೊಳೆಯುವ ಕಡಲಕಳೆಯಲ್ಲಿ ಬಹುಕಾಲ ಉಳಿಯುತ್ತದೆ. ಅಂದಮೇಲೆ ಎಣಿಕೆ ಹೆಚ್ಚಿದೆ ಎಂಬಷ್ಟರಿಂದ ತಪ್ಪು ನಾಯಿಯದು ಎಂದು ಸಾಬೀತಾಗದು. ಹಾಗೆಂದು ನಾಯಿಯದಲ್ಲ ಎಂದೂ ಸಾಬೀತಾಗದು; ಈ ಎರಡನೆಯ ಭಾಗವನ್ನು ಮರೆತು ಭಾಷಣ ಬಿಗಿಯುವವರೇ ಹೆಚ್ಚು. ಮೂಲ ಪತ್ತೆಗೆ ಡಿಎನ್‌ಎ ಪರೀಕ್ಷೆಗಳಿವೆ. ಮನುಷ್ಯರ ಮಲಕ್ಕೆ ಎಚ್‌ಎಫ್183 ಎಂಬ ಗುರುತು, ನಾಯಿಗೆ ಮತ್ತು ಕಡಲಕ್ಕಿಗೆ ಬೇರೆ ಬೇರೆ ಗುರುತುಗಳು. ಅದನ್ನು ಮಾಡಿಸಿದ್ದೀರಾ ಎಂದು ಆಡಳಿತವನ್ನು ಲಿಖಿತವಾಗಿ ಕೇಳಿ.

ಮಾದರಿ ತೆಗೆದ ಜಾಗವನ್ನೂ ದಿನವನ್ನೂ ನಕ್ಷೆಯ ಮೇಲೆ ಗುರುತಿಸಿ. ಮಳೆನೀರಿನ ಚರಂಡಿಯ ಬಾಯಲ್ಲಿ, ಮಳೆಯ ಮರುದಿನ ತೆಗೆದ ಬಾಟಲಿ ಇಡೀ ಊರಿನ ಹೊಲಸನ್ನು ತೋರಿಸುತ್ತದೆ. ಮಳೆಯಾದ 72 ಗಂಟೆ ಯಾವ ಬೀಚಿನಲ್ಲೂ ನೀರಿಗಿಳಿಯಬೇಡಿ ಎನ್ನುವುದು ಇದಕ್ಕೇ. ಸ್ವಂತ ಪರೀಕ್ಷೆ ಬೇಕೆಂದರೆ ಮೂರು ಜಾಗ ಹಿಡಿಯಿರಿ: ಚರಂಡಿಯ ಬಳಿ, ನಾಯಿ ಬೀಚಿನ ನಡುವೆ, ನಾಯಿ ಬಾರದ ಕಡೆ. ಮೂವತ್ತು ದಿನಗಳಲ್ಲಿ ಕನಿಷ್ಠ ಐದು ಸಲ ತೆಗೆಯಬೇಕು. ಮೊಣಕಾಲಿಗಿಂತ ಆಳಕ್ಕೆ ಹೋಗಿ, ಕ್ರಿಮಿಶುದ್ಧ ಬಾಟಲಿಯನ್ನು ಬಾಯಿ ಕೆಳಗಾಗಿ ಮುಳುಗಿಸಿ, ಅಲೆಗೆ ಎದುರಾಗಿ ತಿರುಗಿಸಿ ತುಂಬಿಸಿ. ಬಾಟಲಿಯ ಬಾಯನ್ನು ಬೆರಳಿನಿಂದ ಮುಟ್ಟಬೇಡಿ. ಮಂಜುಗಡ್ಡೆಯ ಪೆಟ್ಟಿಗೆಯಲ್ಲಿಟ್ಟು ಆರು ಗಂಟೆಯೊಳಗೆ ಮಾನ್ಯತೆ ಪಡೆದ ಪ್ರಯೋಗಾಲಯಕ್ಕೆ ತಲುಪಿಸಿ. ಯಾರು ತೆಗೆದರು, ಎಷ್ಟು ಗಂಟೆಗೆ, ಯಾರ ಕೈಗೆ ಕೊಟ್ಟರು ಎಂಬ ಚೀಟಿ ಇಲ್ಲದಿದ್ದರೆ ವರದಿಯನ್ನು ಕಸದ ಬುಟ್ಟಿಗೆ ಹಾಕುತ್ತಾರೆ, ಹಾಕಬೇಕಾದದ್ದೇ.

ಹಕ್ಕಿಗಳ ವಿಷಯದಲ್ಲಿ ಜಗಳ ತೆಗೆಯಬೇಡಿ. ಪ್ಲೋವರ್, ಟರ್ನ್ ಹಕ್ಕಿಗಳು ಬರಿಯ ಮರಳಿನಲ್ಲೇ ಸಣ್ಣ ಗುಳಿ ಮಾಡಿ ಮೊಟ್ಟೆಯಿಡುತ್ತವೆ. ನಾಯಿ ಕಚ್ಚಲೇಬೇಕೆಂದಿಲ್ಲ, ಹತ್ತಿರ ಓಡಾಡಿದರೆ ಸಾಕು, ತಾಯಿಹಕ್ಕಿ ಎದ್ದುಹೋಗುತ್ತದೆ, ಬಿಸಿಲಿಗೆ ಮೊಟ್ಟೆ ಬೇಯುತ್ತದೆ. ಅಮೆರಿಕದ ಪಶ್ಚಿಮ ಕರಾವಳಿಯ ಸ್ನೋವಿ ಪ್ಲೋವರ್ 1993ರಿಂದ ಕಾನೂನಿನ ರಕ್ಷಣೆಯಲ್ಲಿದೆ. ನಿಮ್ಮ ತೀರದಲ್ಲಿ ಅಂಥ ಹಕ್ಕಿ ಗೂಡು ಕಟ್ಟುತ್ತಿದ್ದರೆ ಆ ಭಾಗಕ್ಕೆ ಆ ತಿಂಗಳುಗಳಲ್ಲಿ ಬೇಲಿ ಹಾಕಿ ಎಂದು ನೀವೇ ಮೊದಲು ಕೇಳಿ. ಹಕ್ಕಿ ವೀಕ್ಷಕರನ್ನು ಕರೆದು ಗಡಿ ಗುರುತಿಸಿಕೊಳ್ಳಿ. ಅವರು ನಿಮ್ಮ ಎದುರಾಳಿಗಳಾಗಿ ಸಭೆಗೆ ಬಂದರೆ ನೀವು ಸೋತಿರಿ.

ಇನ್ನು ನಿಮ್ಮದೇ ಎಣಿಕೆ. ಕೆಲಸದ ದಿನ ಎರಡು, ರಜಾದಿನ ಎರಡು. ಬೆಳಗ್ಗೆ, ಮಧ್ಯಾಹ್ನ, ಸಂಜೆ ಒಂದೊಂದು ಗಂಟೆ. ನಾಯಿಗಳೆಷ್ಟು, ಲೀಶ್ ಹಾಕಿದವೆಷ್ಟು, ಕರೆದರೂ ಬಾರದವೆಷ್ಟು, ಮಲ ಎತ್ತದೆ ಹೋದವರೆಷ್ಟು. ಸುಳ್ಳು ಲೆಕ್ಕ ಬರೆಯಬೇಡಿ, ಎದುರು ಪಕ್ಷದವರೂ ಎಣಿಸುತ್ತಿರಬಹುದು. ಬಳಿಕ ನೂರು ಮೀಟರ್ ಅಳೆದು, ಬಿದ್ದಿರುವ ಪ್ರತಿ ಮಲದ ರಾಶಿಯ ಪಕ್ಕ ಬಾವುಟದ ಕಡ್ಡಿ ಚುಚ್ಚಿ, ಎಣಿಸಿ, ಫೋಟೊ ತೆಗೆದು, ಎತ್ತಿಹಾಕಿ. ಪ್ರತಿ ವಾರ ಅದೇ ನೂರು ಮೀಟರ್. ಮೊದಲ ವಾರದ ಸಂಖ್ಯೆ ನಾಚಿಕೆ ತರಿಸುತ್ತದೆ, ತರಿಸಲಿ. ಎಂಟನೆಯ ವಾರಕ್ಕೆ ಅದು ಇಳಿದದ್ದು ಕಾಗದದ ಮೇಲಿದ್ದರೆ ಅದಕ್ಕಿಂತ ದೊಡ್ಡ ವಾದ ಬೇಕಿಲ್ಲ.

ಸಂಖ್ಯೆ ತಾನಾಗಿ ಇಳಿಯುವುದಿಲ್ಲ. ಪ್ರತಿ ಪ್ರವೇಶದಲ್ಲೂ ಚೀಲದ ಪೆಟ್ಟಿಗೆ ಇರಬೇಕು. ದಿನಕ್ಕೆ 150 ನಾಯಿ, ಒಂದಕ್ಕೆ ಸರಾಸರಿ ಒಂದೂವರೆ ಚೀಲ ಎಂದು ಹಿಡಿದರೆ ದಿನಕ್ಕೆ 225, ತಿಂಗಳಿಗೆ 6,750. ಚೀಲವೊಂದಕ್ಕೆ 150 ಗ್ರಾಂ ಎಂದುಕೊಂಡರೂ ದಿನಕ್ಕೆ 34 ಕಿಲೋ ಹೊರೆ. ಯಾರು ಹೊರುತ್ತಾರೆ, ಎಲ್ಲಿಗೆ? ಡಬ್ಬಗಳನ್ನು ಮರಳಿನ ಮೇಲಿಡದೆ ಗಾಡಿ ಬರುವಲ್ಲಿ ಇಡಿ. ಇಲ್ಲದಿದ್ದರೆ ತುಂಬಿದ ಡಬ್ಬದ ಸುತ್ತ ಗಂಟು ಹಾಕಿದ ಚೀಲಗಳ ಗುಡ್ಡೆ ಏಳುತ್ತದೆ, ಅದರ ಫೋಟೊವೇ ಸಭೆಯ ಪರದೆಯ ಮೇಲೆ ಬರುತ್ತದೆ. ಕ್ಯಾಲಿಫೋರ್ನಿಯಾದ ಹಂಟಿಂಗ್ಟನ್ ಬೀಚಿನಲ್ಲಿ ಈ ಕೆಲಸಕ್ಕೆಂದೇ ಲಾಭರಹಿತ ಸಂಘವಿದೆ. ಚೀಲವೂ ಸ್ವಯಂಸೇವಕರೂ ಅದರದ್ದೇ. ಬಣ್ಣದ ಟೀಶರ್ಟಿಗೆ ಹಣ ಖರ್ಚು ಮಾಡುವ ಮೊದಲು ಅಂಥದ್ದೊಂದನ್ನು ನೋಂದಾಯಿಸಿ.

ಸಭೆಗೆ ನಾಯಿಯನ್ನು ಕರೆತರಬೇಡಿ. ಒಂದು ಬೊಗಳಿದರೂ ಮುಗಿಯಿತು. ಮಾತಿಗೆ ಎರಡು ನಿಮಿಷ ಸಿಕ್ಕರೆ 200 ಪದ ಹಿಡಿಸಬಹುದು, ಬರೆದುಕೊಂಡೇ ಹೋಗಿ. ಇಪ್ಪತ್ತು ಜನ ಎದ್ದು "ನಮ್ಮ ನಾಯಿ ನಮಗೆ ಮಗುವಿದ್ದಂತೆ" ಎಂದರೆ ಸದಸ್ಯರು ಗಡಿಯಾರ ನೋಡುತ್ತಾರೆ. ಹಂಚಿಕೊಳ್ಳಿ: ಒಬ್ಬರಿಗೆ ನೀರು, ಒಬ್ಬರಿಗೆ ಎಣಿಕೆ, ಒಬ್ಬರಿಗೆ ಹಕ್ಕಿ, ಓಡಾಟಕ್ಕೆ ಕಷ್ಟವಿರುವ ಹಿರಿಯರೊಬ್ಬರಿಗೆ ಆ ತೀರ ಏಕೆ ಬೇಕೆಂಬುದು, ನಾಯಿಯೇ ಇಲ್ಲದ ಒಬ್ಬರಿಗೆ ಉಳಿದದ್ದು. ಕೊನೆಯವರ ಮಾತಿಗೇ ಹೆಚ್ಚು ತೂಕ.

ಬರಿಗೈಯಲ್ಲಿ "ಮುಚ್ಚಬೇಡಿ" ಎನ್ನದೆ, ಸದಸ್ಯರೊಬ್ಬರು ಹಾಗೆಯೇ ಓದಿ ಮಂಡಿಸಬಹುದಾದ ತಿದ್ದುಪಡಿ ಠರಾವನ್ನು ಕೈಗೆ ಕೊಡಿ. ಮುಚ್ಚುವ ಬದಲು ಹನ್ನೆರಡು ತಿಂಗಳ ಪ್ರಯೋಗ. ಬೇಸಿಗೆಯಲ್ಲಿ ಬೆಳಗ್ಗೆ ಹತ್ತರ ಮೊದಲು, ಸಂಜೆ ಆರರ ನಂತರ ಮಾತ್ರ. ಕಂಬ ನೆಟ್ಟು ಗುರುತಿಸಿದ ಗಡಿ. ಮಳೆಯಾದ 72 ಗಂಟೆ ತಾನಾಗಿ ಬಂದ್. ನೂರು ಮೀಟರಿಗೆ ಇಷ್ಟು ರಾಶಿ ಮೀರಿದರೆ ಮರುಪರಿಶೀಲನೆ. ಕೊನೆಯ ಷರತ್ತನ್ನು ಕಂಡು ನಿಮ್ಮವರೇ ಸಿಡುಕುತ್ತಾರೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರು ಯಾರೆಂದು ಅಲ್ಲೇ ಗೊತ್ತಾಗುತ್ತದೆ. ಅವರನ್ನು ಸಮಿತಿಯಿಂದ ದೂರವಿಡಿ.

ಶುಲ್ಕ ಕೊಟ್ಟರೆ ಬೀಚ್ ಉಳಿಸಿಯೇ ಕೊಡುತ್ತೇವೆ ಎನ್ನುವ ಸಲಹೆಗಾರರನ್ನೂ ಬಾಗಿಲಲ್ಲೇ ಕಳಿಸಿ. ಫಲಿತಾಂಶದ ಖಾತರಿ ಕೊಡುವವರು ಒಂದೋ ಸುಳ್ಳು ಹೇಳುತ್ತಿದ್ದಾರೆ, ಇಲ್ಲವೇ ಲಂಚ ಕೊಡಲು ಹೊರಟಿದ್ದಾರೆ.

ಮಲವನ್ನು ಮರಳಲ್ಲಿ ಹೂತರೆ ಸಾಲದೇ? ಬಿಸಿಲು, ಉಪ್ಪು ಸೇರಿ ಎಲ್ಲವನ್ನೂ ಕೊಲ್ಲುತ್ತವಲ್ಲ.

ಹೂತರೆ ಬಿಸಿಲೇ ತಾಕುವುದಿಲ್ಲ. ಬೆಚ್ಚಗಿನ ಒದ್ದೆ ಮರಳಿನಲ್ಲಿ ಕೊಕ್ಕೆಹುಳದ ಮೊಟ್ಟೆ ಒಂದೆರಡು ದಿನಕ್ಕೆ ಒಡೆಯುತ್ತದೆ, ಐದರಿಂದ ಹತ್ತು ದಿನಕ್ಕೆ ಮರಿಹುಳ ಬರಿಗಾಲಿನ ಚರ್ಮ ಕೊರೆದು ಒಳಸೇರಲು ಸಜ್ಜಾಗುತ್ತದೆ. ಉಪ್ಪುನೀರಿನಲ್ಲೂ ಬದುಕುತ್ತದೆ ಎಂಬ ಕಾರಣಕ್ಕೂ ಎಂಟರೊಕಾಕಸ್ಸನ್ನು ಕಡಲಿನ ಸೂಚಕವಾಗಿ ಆರಿಸಿಕೊಂಡದ್ದು. ಎತ್ತಿ.

ಮರಳಿಗೆ ಸಿಂಪಡಿಸಿದರೆ ಸೋಂಕು ಹೋಗುವ ಎಂಜೈಮ್ ದ್ರಾವಣ ತರಿಸೋಣವೇ?

ಬೇಡ. ದಿನಕ್ಕೆರಡು ಸಲ ಭರತ ಬಂದು ತೊಳೆದುಹೋಗುವ ಜಾಗಕ್ಕೆ ಬಾಟಲಿ ಮಾರುವವರ ಧೈರ್ಯ ಮೆಚ್ಚಬೇಕು.

ಮಣ್ಣಲ್ಲಿ ಕರಗುವ ಚೀಲವನ್ನು ಅಲ್ಲೇ ಬಿಡಬಹುದಲ್ಲ?

ಅದು ಕೊಳೆಯುವುದು ಸುಮಾರು 58 ಡಿಗ್ರಿ ಸೆಲ್ಸಿಯಸ್ ಬಿಸಿಯ ಗೊಬ್ಬರ ಘಟಕದಲ್ಲಿ. ಬೀಚಿನಲ್ಲಿ ಅದೂ ಕಸವೇ.

ಕಡಲನೀರು ಕುಡಿದರೆ ನಾಯಿಯ ಹೊಟ್ಟೆ ಶುದ್ಧಿಯಾಗುತ್ತದೆಯೇ?

ಭೇದಿಯನ್ನು ಶುದ್ಧಿ ಎಂದು ಮಾರುವವರಿಗೆ ಏನು ಹೇಳುವುದು? ಹೆಚ್ಚು ಕುಡಿದರೆ ರಕ್ತದಲ್ಲಿ ಸೋಡಿಯಂ ಏರಿ ವಾಂತಿ, ತೂರಾಟ, ಕೊನೆಗೆ ಸೆಳವು. ಸಿಹಿನೀರು ಒಯ್ಯಿರಿ, ಆಟದ ನಡುವೆ ಆಗಾಗ ಕುಡಿಸಿ. ತೂರಾಡತೊಡಗಿದರೆ ಮನೆಮದ್ದು ಹುಡುಕದೆ ನೇರ ಪಶುವೈದ್ಯರ ಬಳಿ ಹೋಗಿ.

ನಮ್ಮ ನಾಯಿ ಯಾರಿಗೂ ಏನೂ ಮಾಡುವುದಿಲ್ಲ. ಅದಕ್ಕೂ ಲೀಶ್ ಬೇಕೇ?

ದೂರು ದಾಖಲೆ ಕೈಗೆ ಸಿಕ್ಕಾಗ ಓದಿ ನೋಡಿ, ಈ ವಾಕ್ಯ ಅಲ್ಲಿ ಎಷ್ಟು ಸಲ ಬಂದಿದೆ ಎಂದು.